ಲಾಯದ ಮೇಲಿನ ಕೋಣೆ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಕನ್ನಡದಲ್ಲಿದೆ. ಆದರೆ ಧಣಿಯ ಕಾಲುನೋವು ತಪ್ಪಿಸಲು ಎಷ್ಟು ಜನರ ಕೈ ಸವೆಯುತ್ತಿತ್ತು ಎಂಬುದನ್ನು ಈ ಗಾದೆ ಹೇಳುವುದಿಲ್ಲ. ಅದನ್ನು ಹೇಳುವ ಕಟ್ಟಡವೊಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಹಿತ್ತಿಲ ಓಣಿಯೊಂದರಲ್ಲಿದೆ.

ಡಬ್ಲಿನ್ನಿನ ಮೆರಿಯನ್ ಚೌಕ ರೂಪುಗೊಳ್ಳತೊಡಗಿದ್ದು 1762ರಲ್ಲಿ. ನಡುವೆ ಉದ್ಯಾನ, ಸುತ್ತ ಸಿರಿವಂತರ ಎತ್ತರದ ಇಟ್ಟಿಗೆ ಮನೆಗಳು. ಆಸ್ಕರ್ ವೈಲ್ಡ್ ಬಾಲ್ಯ ಕಳೆದದ್ದು ಇಲ್ಲಿ, ಕವಿ ಯೇಟ್ಸ್ ವಾಸವಾಗಿದ್ದದ್ದು ಇಲ್ಲಿ ಎಂದು ಅವುಗಳ ಮುಂಭಾಗದ ಫಲಕಗಳು ಸಾರುತ್ತವೆ. ಅಂಥ ಮನೆಗಳ ಹಿಂದೆ ತೋಟ. ತೋಟದಾಚೆ, ಓಣಿಗೆ ಬಾಗಿಲು ತೆರೆಯುವ ಇನ್ನೊಂದು ಕಟ್ಟಡ. ಅದರ ಕೆಳಗೆ ಕುದುರೆ ಲಾಯ, ಸಾರೋಟು ನಿಲ್ಲಿಸುವ ಕೊಠಡಿ. ಮೇಲೆ ಹುಲ್ಲಿನ ಅಟ್ಟ ಮತ್ತು ಆಳುಗಳ ಬಿಡಾರ. ಇದಕ್ಕೆ ಇಂಗ್ಲಿಷಿನಲ್ಲಿ ‘ಮ್ಯೂಸ್’ ಎನ್ನುತ್ತಾರೆ.

ಈ ಹೆಸರಿನ ಹಿಂದೊಂದು ಸ್ವಾರಸ್ಯವಿದೆ. ಬೇಟೆಯ ಗಿಡುಗಗಳು ಹಳೆಯ ಗರಿ ಉದುರಿಸುವ ಕಾಲದಲ್ಲಿ ಅವನ್ನು ಇಡುತ್ತಿದ್ದ ಮನೆಗೆ ಮೊದಲು ಆ ಹೆಸರಿತ್ತು. ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿದ್ದ ಅರಸರ ಗಿಡುಗದ ಮನೆ 1534ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮುಂದೆ ಕುದುರೆ ಲಾಯ ಎದ್ದಿತು. ಹಕ್ಕಿ ಹೋಯಿತು, ಹೆಸರು ಕುದುರೆಗೆ ಅಂಟಿಕೊಂಡಿತು.

ಯಜಮಾನರು ಏಳುವ ಎಷ್ಟೋ ಹೊತ್ತಿಗೆ ಮುಂಚೆಯೇ ಲಾಯದ ದಿನ ಆರಂಭವಾಗುತ್ತಿತ್ತು. ಸಗಣಿ ಬಾಚಬೇಕು, ನೀರು ಹೊರಬೇಕು, ಅಟ್ಟದಿಂದ ಗೋದಲಿಗೆ ಹುಲ್ಲು ತಳ್ಳಬೇಕು, ಕುದುರೆಗಳ ಮೈ ಉಜ್ಜಬೇಕು, ಲಗಾಮಿನ ಚರ್ಮಕ್ಕೆ ಎಣ್ಣೆ ಹಚ್ಚಬೇಕು. ರಾತ್ರಿ ಔತಣದಿಂದ ಧಣಿಗಳು ಮರಳಿ ಮಲಗಿದ ಮೇಲೂ ಬೆವೆತ ಕುದುರೆಯನ್ನು ಒರೆಸಿ, ಚಕ್ರದ ಕೆಸರು ತೊಳೆದ ಬಳಿಕವೇ ಆಳುಗಳಿಗೆ ನಿದ್ದೆ. ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಕುದುರೆ ಕೆನೆದರೂ ಕೇಳಿಸಬೇಕು, ಕಾಲು ಕುಟ್ಟಿದರೂ ಕೇಳಿಸಬೇಕು. ಬಿಡಾರ ಅಲ್ಲಿದ್ದದ್ದೇ ಅದಕ್ಕಾಗಿ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದಿತು, ಲಾಯಗಳು ಬರಿದಾದವು. ಕೆಲವು ಕಾರು ಷೆಡ್ಡುಗಳಾದವು, ಕೆಲವು ಕಚೇರಿಗಳಾದವು, ಎಷ್ಟೋ ಕುಸಿದುಬಿದ್ದವು. ಚೌಕದ 63ನೇ ಸಂಖ್ಯೆಯ ಮನೆಯ ಹಿಂದೆ ಸುಮಾರು 1792ರಲ್ಲಿ ಕಟ್ಟಿದ ಲಾಯ ಮಾತ್ರ ಅದೃಷ್ಟಶಾಲಿ. 1992ರಲ್ಲಿ ಸ್ಥಾಪನೆಯಾದ ಐರಿಷ್ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ಅದನ್ನು ದುರಸ್ತಿ ಮಾಡಿಸಿತು. ಪಾಳುಬಿದ್ದ ಹಳೆಯ ಕಟ್ಟಡಗಳನ್ನು ಸರಿಪಡಿಸಿ, ರಜೆಗೆ ಬರುವವರಿಗೆ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಟ್ಟು, ಆ ಹಣದಿಂದ ಅವನ್ನು ಕಾಪಾಡುವುದು ಈ ಸಂಸ್ಥೆಯ ಕ್ರಮ. ಕೆಳಗಿನ ಲಾಯದ ಸ್ವರೂಪ ಉಳಿದಿದೆ. ಮೇಲಂತಸ್ತು ಅತಿಥಿಗಳ ಬಿಡಾರವಾಗಿದೆ.

ಒಂದು ಕಾಲಕ್ಕೆ ಬೇರೆ ದಾರಿಯಿಲ್ಲದವರು ಮಲಗುತ್ತಿದ್ದ ಕೋಣೆಗಳಲ್ಲಿ ಇಂದು ಜನ ದುಡ್ಡು ಕೊಟ್ಟು ಮಲಗುತ್ತಾರೆ. ಇದನ್ನು ವಿಪರ್ಯಾಸ ಎಂದು ನಕ್ಕುಬಿಡಬಹುದು. ಆದರೆ ಆ ಬಾಡಿಗೆಯಿಲ್ಲದಿದ್ದರೆ ಗೋಡೆ ನಿಲ್ಲುತ್ತಿರಲಿಲ್ಲ. ಗೋಡೆ ಬಿದ್ದಿದ್ದರೆ, ಅಲ್ಲಿ ದುಡಿದವರ ಕೊನೆಯ ಗುರುತೂ ಅಳಿಯುತ್ತಿತ್ತು. ಮುಂಬಾಗಿಲಿನವರ ಹೆಸರುಗಳನ್ನು ಫಲಕಗಳು ಕಾಯುತ್ತವೆ. ಹಿಂಬಾಗಿಲಿನವರನ್ನು ನೆನಪಿಸಲು ಇರುವುದು ಕಟ್ಟಡ ಮಾತ್ರ.

ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಅರಮನೆ ನೋಡಲು ಹೋಗುವ ತಂದೆತಾಯಿಗಳು ಸಿಂಹಾಸನ, ದೀಪಗುಚ್ಛಗಳನ್ನು ತೋರಿಸಲಿ, ಬೇಡವೆನ್ನುವವರಿಲ್ಲ. ಜೊತೆಗೆ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳುವುದನ್ನೂ ಕಲಿಸಲಿ: ‘ಇಲ್ಲಿನ ಕುದುರೆಗಳಿಗೆ ನೀರು ಕುಡಿಸುತ್ತಿದ್ದವರು ಎಲ್ಲಿ ಮಲಗುತ್ತಿದ್ದರು?’