ಸಿಲೆಬಸ್ಸಿನಲ್ಲಿ ಘಟ್ಟದ ಊರು

ವೈರಾಲಜಿ ಓದಲು ಬೈಂದೂರಿನಿಂದ ಮಣಿಪಾಲಕ್ಕೆ ಹೋಗುತ್ತೇನೆ ಎಂದರೆ ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಹಂಗಂದ್ರೆ ಡಾಕ್ಟ್ರಾ?’ ಅಲ್ಲ ಎಂದು ವಿವರಿಸುವಷ್ಟರಲ್ಲಿ ಬ್ರಹ್ಮಾವರ ದಾಟಿರುತ್ತದೆ. 2018ರಲ್ಲಿ ಕೋಯಿಕ್ಕೋಡಿನ ನಿಫಾ ಪತ್ತೆಯಾದದ್ದು ಮಣಿಪಾಲದ ಲ್ಯಾಬಿನಲ್ಲೇ ಎಂದರೆ ಮಾತ್ರ ಸ್ವಲ್ಪ ಮರ್ಯಾದೆ ಸಿಗುತ್ತದೆ.

ಎಬೋಲಾ, ಝೀಕಾ ಎಂದು ಆಫ್ರಿಕಾ ಸುತ್ತುತ್ತಿದ್ದ ಪಾಠ ಒಂದು ದಿನ ಕ್ಯಾಸನೂರಿಗೆ ಬಂತು. ಸೊರಬ ತಾಲ್ಲೂಕು, 1957. ಕಾಡಿನಲ್ಲಿ ಮಂಗಗಳ ಸಾವು, ಊರಲ್ಲಿ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗನ ಕಾಯಿಲೆಯ ವೈರಾಣು ಹಿಡಿದರು. ಕೊಲ್ಲೂರು ಘಾಟಿ ಹತ್ತಿದರೆ ಅದೇ ಶಿವಮೊಗ್ಗ ಜಿಲ್ಲೆ! ಉಳಿದವರು ಅದನ್ನು ಹರಡುವ ಉಣುಗಿನ ಹೆಸರು ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಉರುಹೊಡೆಯುತ್ತಿದ್ದರೆ, ನನ್ನ ಕಣ್ಣಮುಂದೆ ತರಗೆಲೆ ಒಟ್ಟುವವರ ಬರಿಗಾಲು. ಮಂಗ ಸತ್ತಾಗ ಮೈಬಿಟ್ಟು ಇಳಿದ ಉಣುಗು ಅಲ್ಲೇ ಕಾದಿರುತ್ತದೆ. ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಹುಡುಕಿದರೂ ಕಾಣದಷ್ಟು ಸಣ್ಣದು. ಒಬ್ಬರಿಂದ ಒಬ್ಬರಿಗೆ ಮಾತ್ರ ಈ ಕಾಯಿಲೆ ಹರಡುವುದಿಲ್ಲ.

ಇದನ್ನೆಲ್ಲ ಉತ್ಸಾಹದಿಂದ ಅಬ್ಬಿಗೆ, ಅಂದರೆ ಅಮ್ಮನಿಗೆ, ಹೇಳಿದೆ. ‘ಮಂಗ ಸತ್ರೆ ಹಾಡಿಗ್ ಹೋಪುಕಾಗ ಅಂದೇಳಿ ನಂಗ್ ಗೊತ್ತಿಲ್ಯನಾ? ಅದ್ಕೂ ಫೀಸ್ ಕಟ್ಕಾ?’