ಗೇಟಿನ ಎದುರಿನ ಶಾಮಿಯಾನ

2023ರ ಜನವರಿ ಕೊನೆ. ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ಬಸ್ಸಿಳಿದು ವಿಐಎಸ್‌ಎಲ್ ಉಕ್ಕು ಕಾರ್ಖಾನೆಯ ಮುಖ್ಯದ್ವಾರದ ಕಡೆ ನಡೆಯುತ್ತಿದ್ದೀರಿ. ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ದೂರದಿಂದಲೇ ಮೈಕಿನ ಸದ್ದು. ಹತ್ತಿರ ಬಂದರೆ ಶಾಮಿಯಾನ, ಜಮಖಾನ, ನೀರಿನ ಕ್ಯಾನು. ಹಿಂದೆ ಕಟ್ಟಿದ ಬ್ಯಾನರಿನಲ್ಲಿ ಮೈಸೂರು ಪೇಟದ ವಿಶ್ವೇಶ್ವರಯ್ಯ. ಕುಳಿತವರು ಗುತ್ತಿಗೆ ಕಾರ್ಮಿಕರು, ಊರಲ್ಲಿ ಸಾವಿರಕ್ಕೂ ಮೇಲಿದ್ದಾರೆ. ಕಾರ್ಖಾನೆ ಮುಚ್ಚುವುದಾಗಿ ಅದರ ಒಡೆಯ, ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್ ಹೇಳಿದ ಮೇಲೆ ಇಲ್ಲಿ ಬಂದು ಕೂತವರು ಎದ್ದಿಲ್ಲ.

"ಪೇಪರಿನೋರಾ ಸಾರ್? ಬನ್ನಿ, ಕೂತ್ಕೊಳ್ಳಿ," ಎಂದು ಒಬ್ಬರು ಜಮಖಾನದ ಮೇಲೆ ಜಾಗ ಬಿಡುತ್ತಾರೆ. ಕೂರುತ್ತೀರಿ. ಎದುರಿಗೆ ಗೇಟು, ಅದರಾಚೆ ಚಿಮಣಿ. ಊದುಕುಲುಮೆ ಆರಿ ವರ್ಷಗಳೇ ಆಗಿವೆ.

ಪಕ್ಕದ ನಿವೃತ್ತ ಕಾರ್ಮಿಕರು ಕತೆ ಶುರುಮಾಡುತ್ತಾರೆ. ಇಲ್ಲಿ ಎಲ್ಲರಿಗೂ ಕಾರ್ಖಾನೆಯ ವಂಶಾವಳಿ ಬಾಯಿಪಾಠ. ಬೆಂಕಿಪುರ ಅಂತಿದ್ದ ಊರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹರಿಯಿತು. ಅಂದರೆ ನೂರು ವರ್ಷ ತುಂಬಿದ ತಿಂಗಳಲ್ಲೇ ಬೀಗದ ಮಾತು ಬಂದಿದೆ. ದಿಲ್ಲಿಯ ಕಡತಕ್ಕೆ ಇಂಥ ತಿಥಿ ನಕ್ಷತ್ರಗಳ ಗೊಡವೆ ಇರುವುದಿಲ್ಲ.

ನಷ್ಟ ಈ ಗೇಟಿಗೆ ಹೊಸದಲ್ಲ. ಆರಂಭದ ವರ್ಷಗಳಲ್ಲೇ ಬೀಡುಕಬ್ಬಿಣದ ಬೆಲೆ ಬಿತ್ತು, ಇದು ಮೈಸೂರು ಖಜಾನೆಗೆ ಕಟ್ಟಿದ ಬಿಳಿಯಾನೆ ಅಂದವರಿದ್ದರು. ಆಗ ಸಂಸ್ಥಾನ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂರಿಸಿತು. ವೆಚ್ಚ ಬಿಗಿಯಾಯಿತು, ಎರಕದ ಪೈಪು ತಯಾರಾಯಿತು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು. ಸರ್ಕಾರ ರೋಗಿಯ ಪಕ್ಕ ಕೂತ ಕಾಲ ಅದು.

ಆಮೇಲಿನ ಸರ್ಕಾರಗಳು? ಅವು ಬೋರ್ಡು ಬದಲಿಸಿದವು. 1962ರಲ್ಲಿ ಕಂಪನಿಯಾಯಿತು, 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ರಾಜ್ಯ ಅದನ್ನು ಸೇಲ್ ಕೈಗಿಟ್ಟಿತು, 1998ರಲ್ಲಿ ಅದರೊಳಗೇ ವಿಲೀನವಾಯಿತು. ಈ ನಡುವೆ ಕೆಮ್ಮಣ್ಣುಗುಂಡಿಯ ಅದಿರು ನಿಂತಿತು. ಸ್ವಂತ ಗಣಿಯಿಲ್ಲದೆ, ಅದಿರನ್ನು ಮಾರುಕಟ್ಟೆಯಲ್ಲಿ ಕೊಂಡು ಉಕ್ಕು ಮಾಡಿ ಬದುಕುವುದು ಇಷ್ಟು ಸಣ್ಣ ಕಾರ್ಖಾನೆಗೆ ಆಗದ ಮಾತು. ಅದೂ ಸಂಡೂರು, ಬಳ್ಳಾರಿಯ ಗುಡ್ಡಗಳು ಇದೇ ರಾಜ್ಯದಲ್ಲಿರುವಾಗ! "ಗಣಿ ಕೊಡಿ ಅಂತ ಕೊಟ್ಟ ಮನವಿ ಪತ್ರಾನ ಕುಲುಮೆಗೆ ಹಾಕಿದ್ರೂ ಒಂದು ಪಾಳಿ ಓಡ್ತಿತ್ತು," ಎನ್ನುತ್ತಾರೆ ಹಿರಿಯರು. ಸುತ್ತಲಿನವರು ನಗುತ್ತಾರೆ, ನೀವೂ ನಗುತ್ತೀರಿ.

2016ರಲ್ಲಿ ಕೇಂದ್ರ ಸಚಿವ ಸಂಪುಟ ಸೇಲಂ, ದುರ್ಗಾಪುರದ ಸ್ಥಾವರಗಳ ಜತೆ ಇದನ್ನೂ ಮಾರಾಟದ ಪಟ್ಟಿಗೆ ಸೇರಿಸಿತು. 2019ರಲ್ಲಿ ಆಸಕ್ತರನ್ನು ಕರೆದರು. ಹಾಗೆ ಮಾರಾಟಕ್ಕಿಟ್ಟ ಅಂಗಡಿಗೆ ಹೊಸ ಯಂತ್ರ ತರುವವರಾರು? ವರ್ಷಗಟ್ಟಲೆ ಬಂಡವಾಳ ನಿಂತಿತು, 2022ರ ಅಕ್ಟೋಬರಿನಲ್ಲಿ ಕೊಳ್ಳುವವರಿಲ್ಲವೆಂದು ಟೆಂಡರೂ ರದ್ದಾಯಿತು. ಮೊದಲು ಸೊರಗಿಸಿ, ಆಮೇಲೆ ಸೊರಗಿದೆ ಎಂದು ಮುಚ್ಚುವುದನ್ನು ಆರ್ಥಿಕ ಶಿಸ್ತು ಅನ್ನಲು ನನಗಂತೂ ಬಾಯಿ ಬರದು.

ಮಧ್ಯಾಹ್ನ ಕಾರುಗಳು ಬರುತ್ತವೆ. ಒಂದು ಪಕ್ಷದ ನಾಯಕರು ಇಳಿದು ಮಾತಾಡಿ ಹೋಗುತ್ತಾರೆ, ಚಹಾ ಆರುವ ಮೊದಲೇ ಇನ್ನೊಂದು ಪಕ್ಷದವರು. ಚುನಾವಣೆಗೆ ಕೆಲವೇ ತಿಂಗಳಿವೆ. ಪಕ್ಕದಲ್ಲೇ ಎಂಪಿಎಂ ಕಾಗದ ಕಾರ್ಖಾನೆ ನಿಂತದ್ದನ್ನು ನೋಡಿದ ಊರಿದು. ಆ ಪೇಪರ್ ಟೌನಿನ ಮನೆಗಳು ಹೇಗಾದವೆಂದು ಬಲ್ಲ ಹೆಂಗಸರು ಭಾಷಣಕ್ಕೆ ಚಪ್ಪಾಳೆ ತಟ್ಟುವುದಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಕಾರ್ಖಾನೆಯ ಬಾರ್ ಮಿಲ್ ಮತ್ತೆ ತಿರುಗಿತು, ಸೇಲ್‌ನ ಬೇರೆ ಸ್ಥಾವರದಿಂದ ಬಂದ ಉಕ್ಕಿನಲ್ಲಿ. ಇಲ್ಲಿ ಕಬ್ಬಿಣ ಕರಗಲಿಲ್ಲ.

ಈಗ 2024ರ ಜೂನ್ 30. ಕೇಂದ್ರದಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಕಾರ್ಖಾನೆಗೆ ಬಂದಿದ್ದಾರೆ. ಹಾರ, ಪೊಲೀಸರು, ನೂಕುನುಗ್ಗಲು. ಪುನಶ್ಚೇತನದ ಮಾತು ಜನರ ಬಾಯಿಂದ ಬಾಯಿಗೆ ದಾಟಿ ನಿಮ್ಮವರೆಗೆ ಬರುತ್ತದೆ.

"ಎಲ್ಲ ಸರಿ, ಅದಿರು ಎಲ್ಲಿಂದ ತರ್ತಾರಂತೆ?" ನಿಮ್ಮ ಹಿಂದೆ ಒಬ್ಬರು ಕೇಳುತ್ತಾರೆ.

"ಅದು ಆಮೇಲೆ ನೋಡನ. ಮೊದ್ಲು ತಿಂಗಳು ಪೂರ್ತಿ ಡ್ಯೂಟಿ ಕೊಡ್ಲಿ ಕಣಣ್ಣ," ಎನ್ನುತ್ತಾನೆ ಇನ್ನೊಬ್ಬ, ಬ್ಯಾರಿಕೇಡಿನ ಮೇಲಿಂದ ಇಣುಕುತ್ತಾ.