ಗ್ವಾದಲಹಾರಾದ ಬೇಸಿಗೆ, ಇಂಡಿಯ ಲಿಂಬೆ

ಮೇ 17, 2025, ಶನಿವಾರ

ಜೂನ್ ಮೊದಲ ಶನಿವಾರ ಆಫೀಸಿನ ಗೆಳೆಯ, ಅವನ ತಂದೆತಾಯಿ, ಕೆಳಮನೆಯ ಒಡತಿ ಊಟಕ್ಕೆ ಬರುತ್ತಾರೆ. ಅಡುಗೆ ನನ್ನ ಹೆಂಡತಿಯದು: ಊರಿಂದ ತಂದ ಹಿಟ್ಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕುಡಿಯಲು ಕೊಡುವ ಹೊಣೆ ನನ್ನದು. ಮಾರ್ಗರಿಟಾ ಮಾಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ಮೆಕ್ಸಿಕೊದ ಈ ಹಾಲಿಸ್ಕೊ ರಾಜ್ಯದವರಿಗೆ ಮಾರ್ಗರಿಟಾ ಮಾಡಿಕೊಡುವುದು ಸಣ್ಣ ಕೆಲಸವಲ್ಲ. ಇವರು ಟಕೀಲಾವನ್ನು ಏನೂ ಬೆರೆಸದೆ ಗುಟುಕು ಗುಟುಕಾಗಿ ಕುಡಿಯುವವರು. ಸೆಖೆ ಜಾಸ್ತಿಯಾದರೆ ಗ್ರೇಪ್‌ಫ್ರೂಟ್ ಸೋಡಾ ಸುರಿದು ಪಲೋಮಾ ಮಾಡಿಕೊಳ್ಳುತ್ತಾರೆ. ಮಾರ್ಗರಿಟಾ ಏನಿದ್ದರೂ ಪ್ರವಾಸಿಗಳಿಗೆ ಎಂದು ಒಡತಿ ಹಿಂದೊಮ್ಮೆ ಹೇಳಿದ್ದು ನೆನಪಿದೆ. ಹಾಗಾಗಿಯೇ ಚೆನ್ನಾಗಿ ಮಾಡಬೇಕೆಂಬ ಆಸೆ ಹೆಚ್ಚಾಗಿದೆ.

ಸಂಜೆ ಬಾಟಲಿ ಕೊಳ್ಳಲು ಹೋದೆ. ಅಂಗಡಿಯಲ್ಲಿ ಒಂದು ಗೋಡೆ ಪೂರ್ತಿ ಟಕೀಲಾ. ಕೆತ್ತಿದ ಗಾಜು, ಚರ್ಮದ ಪಟ್ಟಿ, ಬೆಳ್ಳಿಬಣ್ಣದ ಬಿರಡೆ. ನಾನು ನೋಡಿದ್ದು ಚೀಟಿಯನ್ನು ಮಾತ್ರ. ಟಕೀಲಾ ಆಗುವುದು ಅಗಾವೆ ಗಿಡದಿಂದ. ನೂರಕ್ಕೆ ನೂರು ಅಗಾವೆ ಎಂದು ಬರೆದಿರಬೇಕು. ಹಾಗೆ ಬರೆಯದಿದ್ದರೆ ಅದು ಮಿಕ್ಸ್ತೊ, ಅಂದರೆ ಶೇ 51ರಷ್ಟು ಸಕ್ಕರೆ ಅಗಾವೆಯದಿದ್ದರೆ ಸಾಕು, ಉಳಿದದ್ದು ಕಬ್ಬಿನದೋ ಇನ್ಯಾವುದರದೋ. ಆಮೇಲೆ ನೋಮ್ ಸಂಖ್ಯೆ. ಬಾಟಲಿಯ ಮೇಲೆ ಯಾವ ಹೆಸರೇ ಇರಲಿ, ಯಾವ ಭಟ್ಟಿಯಲ್ಲಿ ಇಳಿಸಿದ್ದೆಂದು ಆ ನಾಲ್ಕು ಅಂಕಿ ಹೇಳುತ್ತವೆ. ಒಂದೇ ಭಟ್ಟಿಯಿಂದ ಹತ್ತಾರು ಹೆಸರಿನ ಟಕೀಲಾ ಹೊರಬರುವುದುಂಟು.

ಬ್ಲಾಂಕೊ, ಅಂದರೆ ಪೀಪಾಯಿಯಲ್ಲಿ ಮಾಗಿಸದ ಟಕೀಲಾ, ತಂದೆ. ಪೀಪಾಯಿಯಲ್ಲಿ ಕನಿಷ್ಠ ಎರಡು ತಿಂಗಳು ಇಟ್ಟದ್ದು ರೆಪೊಸಾದೊ, ಒಂದು ವರ್ಷ ದಾಟಿದರೆ ಅನ್ಯೇಹೊ. ದೊಡ್ಡ ಹೋಟೆಲುಗಳಲ್ಲಿ ಅನ್ಯೇಹೊ ಸುರಿದು ಪ್ರೀಮಿಯಂ ಮಾರ್ಗರಿಟಾ ಎಂದು ದುಪ್ಪಟ್ಟು ದುಡ್ಡು ತೆಗೆದುಕೊಳ್ಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಓಕ್ ಮರದಲ್ಲಿ ಕೂತು ಬಂದ ವೆನಿಲಾ, ಕ್ಯಾರಮೆಲ್‌ನ ನಯವನ್ನು ಲಿಂಬೆರಸ ಒಂದೇ ಏಟಿಗೆ ಮುಗಿಸುತ್ತದೆ. ಬ್ಲಾಂಕೊದಲ್ಲಿ ಬೆಂದ ಅಗಾವೆ, ಕರಿಮೆಣಸು, ಹಸಿ ಮಣ್ಣಿನ ವಾಸನೆ ನೇರವಾಗಿ ಇರುತ್ತದೆ, ಹುಳಿಗೆ ಹೆದರುವುದಿಲ್ಲ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸಿದೆ. ಮದ್ಯದ ಘಾಟು ಹಾರಿದ ಮೇಲೂ ಬೇಯಿಸಿದ ಗೆಣಸಿನಂಥ ಸಿಹಿ ವಾಸನೆ ಉಳಿಯಿತು. ಗ್ಲಿಸರಿನ್, ಓಕ್ ಸಾರ, ಕ್ಯಾರಮೆಲ್ ಬಣ್ಣ, ಸಕ್ಕರೆ ಪಾಕ ಇವನ್ನೆಲ್ಲ ಶೇ 1ರ ಮಿತಿಯೊಳಗೆ ಸೇರಿಸಿದರೆ ಚೀಟಿಯಲ್ಲಿ ತಿಳಿಸಬೇಕಾಗಿಲ್ಲ. ಮೂಗನ್ನೇ ನಂಬಬೇಕು.

ಮೇ 20, ಮಂಗಳವಾರ

ಮಾರ್ಗರಿಟಾದ ಕಿತ್ತಳೆ ಮದ್ಯ, ಕ್ವಾಂತ್ರೊ, ತಂದಾಯಿತು. ಫ್ರಾನ್ಸಿನ ಆಂಜೇ ಊರಿನದು, ಕಿತ್ತಳೆ ಸಿಪ್ಪೆಯದು, ಶೇ 40 ಮದ್ಯಾಂಶ. ಅಗ್ಗದ ಟ್ರಿಪಲ್ ಸೆಕ್ ಅದರ ಅರ್ಧ ಬೆಲೆಗೂ ಸಿಗುತ್ತದೆ, ಆದರೆ ಅದರಲ್ಲಿ ಮದ್ಯಾಂಶ ಕಡಿಮೆ, ಸಕ್ಕರೆ ಹೆಚ್ಚು. ಬಾಯಿಗೆ ಕಿತ್ತಳೆ ಪೆಪ್ಪರ್‌ಮಿಂಟಿನ ರುಚಿ. ದುಡ್ಡು ಉಳಿಸುವುದಿದ್ದರೆ ಟಕೀಲಾದ ಬಾಟಲಿಯ ಚಂದದಲ್ಲಿ ಉಳಿಸಬೇಕು, ಇದರಲ್ಲಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಟಾಮೀಸ್ ಎಂಬ ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಹೂಲಿಯೊ ಬೆರ್ಮೆಹೊ ಕಿತ್ತಳೆ ಮದ್ಯವನ್ನೇ ಬಿಟ್ಟು ಅಗಾವೆ ಪಾಕ ಹಾಕಿದರು. ಟಕೀಲಾ, ಲಿಂಬೆ, ಅದೇ ಗಿಡದ ಪಾಕ, ಅಷ್ಟೆ. ಟಕೀಲಾ ತುಂಬ ಒಳ್ಳೆಯದಿದ್ದಾಗ ಆ ದಾರಿಯೇ ಸರಿ ಎನಿಸುತ್ತದೆ. ಆದರೆ ಇವಳಿಗೆ ಕಿತ್ತಳೆಯ ಪರಿಮಳ ಬೇಕು. ನನಗೂ.

ಮೇ 25, ಭಾನುವಾರ

ಗೆಳೆಯನ ಜೊತೆ ಅಮಾತಿತಾನ್‌ಗೆ ಹೋಗಿ ಬಂದೆ. ಟಕೀಲಾ ಊರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಹಿಂದೆ ಜ್ವಾಲಾಮುಖಿ ಬೆಟ್ಟ, ಅದರ ಬುಡದವರೆಗೂ ನೀಲಿ ಅಗಾವೆಯ ಸಾಲು. ಈ ಭೂದೃಶ್ಯವನ್ನೇ ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅಗಾವೆ ಕಡಿಯುವ ಒಬ್ಬ ಹಿಮಾದೋರ್ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿದೆ. ಕೈಯಲ್ಲಿ ಕೋವಾ, ಉದ್ದ ಹಿಡಿಯ ತುದಿಗೆ ತಟ್ಟೆಯಾಕಾರದ ಅಲಗು. ಮೊದಲು ಬುಡಕ್ಕೆ ಒತ್ತಿ ಗಿಡ ಉರುಳಿಸಿದ. ಆಮೇಲೆ ಒಂದು ಕಾಲನ್ನು ಗಡ್ಡೆಯ ಮೇಲೆ ಒತ್ತಿ ನಿಂತು ಎಲೆಗಳನ್ನು ಬುಡಸಮೇತ ಸವರುತ್ತ ಹೋದ. ಅಲಗು ಬೂಟಿನ ಮುಂದೆ ಒಂದು ಬೆರಳಿನ ಅಂತರದಲ್ಲಿ ಹಾಯುತ್ತಿತ್ತು. ಅವನು ನೋಡುತ್ತಿದ್ದದ್ದು ಬೂಟಿನ ಕಡೆಗಲ್ಲ, ಮುಂದೆ ಕಡಿಯಬೇಕಾದ ಎಲೆಯ ಕಡೆಗೆ. ಕೆಲವೇ ನಿಮಿಷಗಳಲ್ಲಿ ಅನಾನಸಿನಂತೆ ಚೌಕಳಿ ಗುರುತಿನ ಬಿಳಿ ಗಡ್ಡೆ ಉಳಿಯಿತು. ಎತ್ತಲು ಹೋದೆ, ಅಲುಗಲಿಲ್ಲ. ನಲವತ್ತು ಐವತ್ತು ಕಿಲೊ ತೂಗುವುದು ಇಲ್ಲಿ ಮಾಮೂಲು. ಇಷ್ಟು ಬೆಳೆಯಲು ಆರೇಳು ವರ್ಷ. ಬೆಳೆದ ಗಡ್ಡೆ ಇಟ್ಟಿಗೆ ಒಲೆಯಲ್ಲಿ ಎರಡು ದಿನ ಆವಿಯಲ್ಲಿ ಬೇಯುತ್ತದೆ. ಬೆಂದ ತುಂಡೊಂದನ್ನು ಕೊಟ್ಟರು. ಕಬ್ಬು ಅಗಿದಂತೆ ಅಗಿದು ಸಿಪ್ಪೆ ಉಗಿಯಬೇಕು.

ಹೂವಿನ ದಂಟು ಏಳುವ ಮೊದಲೇ ಗಿಡ ಕಡಿಯುತ್ತಾರೆ, ಇಲ್ಲವಾದರೆ ಸಕ್ಕರೆಯೆಲ್ಲ ಹೂವಿಗೆ ಹೋಗುತ್ತದೆ. ಮರಿಗಳನ್ನು ಕಿತ್ತು ನೆಡುವುದರಿಂದ ಹೊಲ ಪೂರ್ತಿ ಒಂದೇ ತಾಯಿಯ ನಕಲು. ರೋಗ ಬಿದ್ದರೆ ಎಲ್ಲಕ್ಕೂ ಬೀಳುತ್ತದೆ. ಹೂವಿಲ್ಲದಿದ್ದರೆ ಮಕರಂದ ಹೀರುವ ಬಾವಲಿಗೂ ಆಹಾರವಿಲ್ಲ. ಕೆಲವು ಬೆಳೆಗಾರರು ಈಗ ನೂರಕ್ಕೆ ಐದು ಗಿಡವನ್ನು ಹೂ ಬಿಡಲೆಂದೇ ಉಳಿಸುತ್ತಾರೆ. ಅಂಥವರ ಟಕೀಲಾಗೆ ಬಾವಲಿಸ್ನೇಹಿ ಎಂಬ ಗುರುತು ಸಿಗುತ್ತದೆ. ಪ್ರೀಮಿಯಂ ಎನ್ನುವ ಮಾತಿಗೆ ಅರ್ಥ ಎಲ್ಲಾದರೂ ಇದ್ದರೆ ಅದು ಇಂಥ ಕಡೆಯೇ.

ಹೊಲದ ಬದುವಿನಲ್ಲಿ ನಿಂತಾಗ ನಮ್ಮೂರ ಕತ್ತಾಳೆ ಕಣ್ಣಿಗೆ ಕಟ್ಟಿತು. ಅದೂ ಈ ಕುಲದ್ದೇ, ಇಲ್ಲಿಂದಲೇ ಸಮುದ್ರ ದಾಟಿ ಬಂದದ್ದು. ರೈಲು ಹಳಿಯ ಪಕ್ಕ, ಹೊಲದ ಬೇಲಿಗೆ, ಹಗ್ಗದ ನಾರಿಗೆ. ಅದರಿಂದಲೂ ಮದ್ಯ ಇಳಿಯುತ್ತದೆಂದು ತೋರಿಸಿದವರು ಡೆಸ್ಮಂಡ್ ನಜರೆತ್. ದಖ್ಖನ್ನಿನ ಕತ್ತಾಳೆಯಿಂದ ಆಂಧ್ರದ ಚಿತ್ತೂರು ಕಡೆ ಭಟ್ಟಿ ಇಳಿಸಿ, 2011ರಲ್ಲಿ ಗೋವಾದಲ್ಲಿ ಮಾರಾಟಕ್ಕಿಟ್ಟರು. ಟಕೀಲಾ ಎಂದು ಕರೆಯುವಂತಿಲ್ಲ. 1974ರಲ್ಲಿ ಕಾನೂನಿನ ರಕ್ಷಣೆ ಪಡೆದ ಆ ಹೆಸರು ಈಗ ಹಾಲಿಸ್ಕೊಗೆ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತಾದ ಊರುಗಳಿಗೇ ಮೀಸಲು. ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಬಾಟಲಿ ತಾ ಎಂದ.

ಮೇ 28, ಬುಧವಾರ

ರಾತ್ರಿ ಎಂಟಕ್ಕೆ ವಿಜಯಪುರ ಜಿಲ್ಲೆಯ ಇಂಡಿಗೆ ವಿಡಿಯೊ ಕರೆ. ಅಲ್ಲಿ ಬೆಳಗಿನ ಏಳೂವರೆ, ಮಾಮಾ ಆಗಲೇ ತೋಟದಲ್ಲಿದ್ದರು.

"ಏನೋ ತಮ್ಮಾ, ಆರಾಮ ಅದೀಯೇನು?"

"ಆರಾಮರೀ ಮಾಮಾ. ಈ ಸಲ ಲಿಂಬಿ ಹ್ಯಾಂಗ?"

"ಬ್ಯಾಸಿಗಿ ಕಾಯಿ ಮುಗೀಲಿಕ್ಕ ಬಂತು. ಗಿಡಕ್ಕ ನೀರ ಬಿಡದ ಬಾಡಿಸಿದ್ದಕ್ಕ ಈಗ ನಾಕ ದುಡ್ಡ ಕಂಡ್ವಿ. ಮಳಿಗಾಲದಾಗ ಬಂದ್ರ ಯಾರ ಕೇಳ್ತಾರ?"

ಮಾರುಕಟ್ಟೆಯಿಂದ ತಂದ ಕಾಯೊಂದನ್ನು ಕ್ಯಾಮೆರಾಕ್ಕೆ ಹಿಡಿದೆ. ಚಿಕ್ಕದು, ದುಂಡಗೆ, ತೆಳು ಸಿಪ್ಪೆ, ಒಂದು ಪಕ್ಕ ಹಳದಿಗೆ ತಿರುಗಿತ್ತು. ಮಾಮಾ ಕಣ್ಣು ಕಿರಿದು ಮಾಡಿ ನೋಡಿದರು. "ಕೊಯ್ದು ತೋರ್ಸು" ಎಂದರು. ಕೊಯ್ದೆ. ಬೀಜ ಎಣಿಸುವವರಂತೆ ಮುಂದೆ ಬಾಗಿ, "ಇದು ನಮ್ದ ಕಾಗಜಿ ಅಲ್ಲೇನೋ! ಅಲ್ಲಿಗೆ ಯಾರ ಒಯ್ದ್ರು?" ಎಂದರು.

ನಿಜ, ಅದೇ ಜಾತಿ. ಏಷ್ಯಾದಲ್ಲಿ ಹುಟ್ಟಿ, ಅರಬರ ಕೈಯಿಂದ ಮೆಡಿಟರೇನಿಯನ್‌ಗೆ, ಅಲ್ಲಿಂದ ಸ್ಪೇನಿನವರ ಹಡಗಿನಲ್ಲಿ 16ನೇ ಶತಮಾನದಲ್ಲಿ ಮೆಕ್ಸಿಕೊಗೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಮಾಮಾ ಅಂದು ಪೇಢಾ ಹಂಚಿದ್ದರು. ಅಮೆರಿಕದ ಅಂಗಡಿಗಳಲ್ಲಿ ಸಿಗುವುದು ಇನ್ನೊಂದು, ದೊಡ್ಡದಾದ, ಬೀಜವಿಲ್ಲದ ಪರ್ಷಿಯನ್ ಲಿಂಬೆ. ಅದರ ಹುಳಿ ಮೆದು. ಮಾರ್ಗರಿಟಾಗೆ ನನ್ನ ಆಯ್ಕೆ ಈ ಚಿಕ್ಕದೇ. ಇದರ ಹುಳಿಯ ಹಿಂದೆ ಒಂದು ಹೂವಿನ ವಾಸನೆ ಇದೆ.

ಮಾಮಾಗೆ ಹೇಳದೆ ಬಿಟ್ಟ ಸಂಗತಿಯನ್ನು ಇಲ್ಲಿ ಬರೆದಿಡುತ್ತೇನೆ. ಪಕ್ಕದ ಮಿಚೋವಾಕಾನ್ ರಾಜ್ಯದಲ್ಲಿ ಲಿಂಬೆ ಬೆಳೆಯುವವರು ಪ್ರತಿ ಕಿಲೊ ಮೇಲೆ ಗ್ಯಾಂಗುಗಳಿಗೆ ಹಫ್ತಾ ಕಟ್ಟುತ್ತಾರೆ. ಲಾ ರುವಾನಾ ಊರಿನ ಲಿಂಬೆ ಬೆಳೆಗಾರ ಇಪೋಲಿತೊ ಮೋರಾ 2013ರಲ್ಲಿ ಊರವರನ್ನು ಕಟ್ಟಿಕೊಂಡು ಬಂದೂಕು ಹಿಡಿದು ಆ ಗ್ಯಾಂಗುಗಳಿಗೆ ಎದುರು ನಿಂತರು. ಮಗನನ್ನು ಕಳೆದುಕೊಂಡ ಮೇಲೂ ಊರು ಬಿಡಲಿಲ್ಲ. 2023ರ ಜೂನ್‌ನಲ್ಲಿ ಅವರನ್ನೂ ಕೊಂದರು. ಮಾರುಕಟ್ಟೆಯಲ್ಲಿ ಲಿಂಬೆ ದುಬಾರಿಯಾಯಿತೆಂದು ಯಾರಾದರೂ ಗೊಣಗಿದರೆ ನನಗೆ ಆ ಮನುಷ್ಯ ನೆನಪಾಗುತ್ತಾರೆ. ಅಗ್ಗಕ್ಕೆ ಸಿಕ್ಕ ದಿನ ಇನ್ನೂ ಹೆಚ್ಚಾಗಿ.

ಮೇ 31, ಶನಿವಾರ

ಇಂದು ಅಳತೆ ಗೊತ್ತುಮಾಡಿಕೊಂಡೆ. ಬಾರ್‌ಟೆಂಡರುಗಳ ಅಂತರರಾಷ್ಟ್ರೀಯ ಸಂಘದ ಲೆಕ್ಕ 50 ಮಿಲಿ ಟಕೀಲಾ, 20 ಮಿಲಿ ಕಿತ್ತಳೆ ಮದ್ಯ, 15 ಮಿಲಿ ಲಿಂಬೆರಸ. ನನಗೆ ಹುಳಿ ಸಾಲದು. ಕೊನೆಗೆ ನಿಂತದ್ದು 60 ಟಕೀಲಾ, 25 ಕ್ವಾಂತ್ರೊ, 25 ರಸ, ಅರ್ಧ ಟೀ ಚಮಚ ಅಗಾವೆ ಪಾಕ. ಕಾಯಿ ಬಲು ಹುಳಿಯಿದ್ದ ದಿನ ರಸ 20ಕ್ಕೆ ಇಳಿಯಬೇಕು. ಮೊದಲು ರಸದ ಒಂದು ಹನಿ ನಾಲಿಗೆಗೆ, ಆಮೇಲೆ ಅಳತೆ.

ಕಾಯಿ ಕೊಯ್ಯುವ ಕ್ರಮವನ್ನು ಬೀದಿ ಬದಿಯ ಟಾಕೊ ಅಂಗಡಿಯವರಿಂದ ಕಲಿತೆ. ನಟ್ಟನಡುವೆ ಸೀಳುವುದಿಲ್ಲ. ನಡುವಿನ ಬಿಳಿ ದಿಂಡನ್ನು ಬಿಟ್ಟು ಅದರ ಪಕ್ಕಕ್ಕೆ ಉದ್ದುದ್ದ ಕೊಯ್ಯುತ್ತಾರೆ. ರಸದ ಕೋಶಗಳೆಲ್ಲ ತೆರೆದುಕೊಳ್ಳುತ್ತವೆ, ಬೀಜ ಹೆಚ್ಚಿನಂಶ ದಿಂಡಿನಲ್ಲೇ ಉಳಿಯುತ್ತದೆ. ಹಿಂಡುವ ಇಕ್ಕಳಕ್ಕೆ ಇಡುವಾಗ ಕೊಯ್ದ ಮುಖ ತೂತುಗಳ ಕಡೆಗಿರಬೇಕು. ರಸ ಬಂದು ನಿಂತಲ್ಲಿಗೆ ಕೈ ಬಿಡಬೇಕು, ಅದುಮಿದಷ್ಟೂ ಸಿಪ್ಪೆಯ ಕಹಿ ಇಳಿಯುತ್ತದೆ. ಹಿಂಡುವ ಕೆಲಸ ಅಡುಗೆಮನೆಯೊಳಗೇ. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಹಿತ್ತಲಲ್ಲಿ ಪಾರ್ಟಿ ಮಾಡುವವರು ಇದನ್ನು ತಿಳಿದಿರಲೇಬೇಕು.

ಐಸು ದೊಡ್ಡದು, ಫ್ರೀಜರಿನಿಂದ ಆಗಷ್ಟೇ ತೆಗೆದದ್ದು. ಬೆವರುತ್ತಿರುವ ಐಸು ತಣ್ಣಗಾಗಿಸುವ ಮೊದಲೇ ನೀರಾಗುತ್ತದೆ. ಶೇಕರಿನಲ್ಲಿ ಜೋರಾಗಿ ಹನ್ನೆರಡರಿಂದ ಹದಿನೈದು ಸೆಕೆಂಡು ಕುಲುಕಿದರೆ ಹೊರಮೈಗೆ ಮಂಜು ಕಟ್ಟಿ ಬೆರಳು ಅಂಟಿಕೊಳ್ಳುತ್ತದೆ. ಅಷ್ಟರಲ್ಲಿ ಕಾಲು ಭಾಗದಷ್ಟು ನೀರು ಸೇರಿರುತ್ತದೆ. ಆ ನೀರೂ ಪಾನೀಯದ ಒಂದು ಪದಾರ್ಥವೇ. ಅದಿಲ್ಲದಿದ್ದರೆ ಗಂಟಲು ಸುಡುತ್ತದೆ.

ಉಪ್ಪು ಕೊಲಿಮಾ ಕಡಲತೀರದ ಕುಯುತ್ಲಾನ್‌ನದು, ಸ್ವಲ್ಪ ಒದ್ದೆ, ಹರಳು ಹರಳು. ಗ್ಲಾಸಿನ ಅಂಚಿನ ಹೊರಮೈಗೆ ಮಾತ್ರ, ಅದೂ ಅರ್ಧ ಸುತ್ತು. ಒಳಗೆ ಬಿದ್ದರೆ ಪಾನೀಯವೇ ಉಪ್ಪಾಗುತ್ತದೆ. ಅರ್ಧ ಸುತ್ತಾದರೆ ಬೇಕಾದವರು ಆ ಕಡೆಯಿಂದ ಕುಡಿಯುತ್ತಾರೆ, ಬೇಡದವರು ಈ ಕಡೆಯಿಂದ. ಉಪ್ಪು ಕಹಿಯನ್ನು ಅಡಗಿಸಿ ಕಿತ್ತಳೆಯನ್ನು ಮುಂದೆ ತರುತ್ತದೆ.

ಇವಳು ಒಂದು ಗುಟುಕು ಕುಡಿದು ಏನೂ ಹೇಳಲಿಲ್ಲ, ಗ್ಲಾಸು ವಾಪಸು ಕೊಡಲೂ ಇಲ್ಲ.

ಜೂನ್ 3, ಮಂಗಳವಾರ

ಮಾರ್ಗರಿಟಾವನ್ನು ಮೊದಲು ಮಾಡಿದವರು ತಾವೇ ಎನ್ನುವವರು ಬಹಳ. ತಿಹುವಾನಾ ಬಳಿಯ ರಾಂಚೊ ಲಾ ಗ್ಲೋರಿಯಾದ ಕಾರ್ಲೋಸ್ ಎರೇರಾ, ಅಕಾಪುಲ್ಕೊದಲ್ಲಿ ಪಾರ್ಟಿ ಕೊಡುತ್ತಿದ್ದ ಮಾರ್ಗರೆಟ್ ಸೇಮ್ಸ್. ಆದರೆ 1937ರಲ್ಲೇ ಲಂಡನ್ನಿನಲ್ಲಿ ಅಚ್ಚಾದ ಕೆಫೆ ರಾಯಲ್ ಪುಸ್ತಕದಲ್ಲಿ ಟಕೀಲಾ, ಕ್ವಾಂತ್ರೊ, ಲಿಂಬೆರಸ ಈ ಮೂರೇ ಪದಾರ್ಥಗಳ ಪಿಕಡೋರ್ ಇದೆ. 1971ರಲ್ಲಿ ಡಲ್ಲಾಸಿನ ಮರಿಯಾನೊ ಮಾರ್ಟಿನೆಸ್ ಐಸ್‌ಕ್ರೀಮ್ ಯಂತ್ರವನ್ನು ಮಾರ್ಪಡಿಸಿ ಮಂಜುಗಡ್ಡೆ ಮಾರ್ಗರಿಟಾ ಮಾಡಿದರು. ಆ ಯಂತ್ರ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಜಗತ್ತಿಗೆ ಮಾರ್ಗರಿಟಾವನ್ನು ಹಂಚಿದ್ದು ಅದೇ ಯಂತ್ರ. ಆದರೂ ಅಷ್ಟು ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಅಗಾವೆಯ ರುಚಿ ಸಿಗುವುದೇ ಇಲ್ಲ.

ಜೂನ್ 7, ಶನಿವಾರ

ರಾತ್ರಿ ಹನ್ನೊಂದೂವರೆ. ಎಲ್ಲರೂ ಈಗ ಹೊರಟರು.

ಗೆಳೆಯನ ತಂದೆ ಅರಾಂದಾಸ್ ಕಡೆಯ ಕೆಂಪು ಮಣ್ಣಿನ ರೈತ, ಅಗಾವೆ ಬೆಳೆಗಾರ. ಬಂದವರೇ ಬಾಟಲಿ ತಿರುಗಿಸಿ ನೋಮ್ ಸಂಖ್ಯೆ ಓದಿ ಭಟ್ಟಿಯ ಹೆಸರು ಹೇಳಿದರು. ಗ್ಲಾಸು ಕೈಗಿತ್ತಾಗ ಮೊದಲು ಉಪ್ಪಿಲ್ಲದ ಕಡೆಯಿಂದ ಕುಡಿದರು, ಆಮೇಲೆ ಉಪ್ಪಿನ ಕಡೆಯಿಂದ. "ಅಗಾವೆ ಇದೆ" ಎಂದರು. ನನಗೆ ಬೇಕಾಗಿದ್ದ ಮಾತು ಅದೇ. ಒಡತಿ ತನಗೆ ಏನೂ ಬೆರೆಸದ ಟಕೀಲಾವೇ ಸಾಕೆಂದರು, ಆದರೆ ಎಣ್ಣೆಗಾಯಿ ಮೂರು ಸಲ ಬಡಿಸಿಕೊಂಡರು.

ಪ್ರತಿಯೊಬ್ಬರಿಗೂ ಒಂದೇ ಗ್ಲಾಸು ಎಂದು ಮೊದಲೇ ನಿರ್ಧರಿಸಿದ್ದೆ. 85 ಮಿಲಿಯಷ್ಟು ಶೇ 40ರ ಮದ್ಯ ಒಂದೊಂದರಲ್ಲೂ ಇರುತ್ತದೆ. ಹುಳಿಸಿಹಿಯ ಹಿಂದೆ ಅದು ಅಡಗಿ ಕೂತಿರುವುದರಿಂದ ಎರಡನೆಯದು ಸಲೀಸಾಗಿ ಇಳಿಯುತ್ತದೆ. ಊಟದ ಜೊತೆಗೆ ಮಜ್ಜಿಗೆ ಕೊಟ್ಟೆವು.

ಊಟವಾದ ಮೇಲೆ ತಂದೆಯವರು ಬೆಲೆಯ ಮಾತು ತೆಗೆದರು. ಕೆಲವು ವರ್ಷಗಳ ಹಿಂದೆ ಅಗಾವೆ ಕಿಲೊಗೆ 30 ಪೆಸೊವರೆಗೆ ಹೋಗಿತ್ತು. ಅದನ್ನು ನೋಡಿ ಎಲ್ಲರೂ ನೆಟ್ಟರು. ಈಗ ಎಲ್ಲರದೂ ಒಟ್ಟಿಗೆ ಬಲಿತಿದೆ, ಕಂಪನಿಯ ಜೊತೆ ಕರಾರಿಲ್ಲದವರಿಗೆ ಒಂದಂಕಿಯ ಬೆಲೆ. ಅವರ ಎರಡು ತುಂಡು ಹೊಲ ಕಡಿಯಲು ಸಿದ್ಧವಿದೆ, ಕೊಳ್ಳುವವರಿಲ್ಲ. ಏಳು ವರ್ಷ ಕಾದ ಬೆಳೆ. ಬಿಟ್ಟರೆ ಹೂ ಬಿಟ್ಟು ಒಣಗುತ್ತದೆ. ಕಡಿಸಿದರೆ ಕೂಲಿಗೂ ಸಾಲದು. ಮಾಮಾ ಮಳೆಗಾಲದ ಲಿಂಬೆಯ ಬಗ್ಗೆ ಹೇಳಿದ್ದನ್ನು ಅವರಿಗೆ ಹೇಳಿದೆ. ಗಿಡಕ್ಕೆ ನೀರು ನಿಲ್ಲಿಸಿ ಕಾಯಿಯನ್ನು ಬೇಸಿಗೆಗೆ ಎಳೆಯುವುದು ಹೇಗೆಂದು ಅವರು ಬಿಡಿಸಿ ಬಿಡಿಸಿ ಕೇಳಿದರು. ಎಷ್ಟು ದಿನ ಒಣಗಿಸುತ್ತಾರೆ, ಎಲೆ ಉದುರಿದ ಮೇಲೆ ಮೊದಲ ನೀರು ಎಷ್ಟು, ಗೊಬ್ಬರ ಯಾವಾಗ ಎಂದೆಲ್ಲ. ಅವರ ತಮ್ಮನಿಗೆ ಕೊಲಿಮಾದಲ್ಲಿ ಲಿಂಬೆ ತೋಟವಿದೆಯಂತೆ.

ನನಗೆ ಅರ್ಧವೂ ಗೊತ್ತಿರಲಿಲ್ಲ. ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ಇಂಡಿಯಲ್ಲಿ ಈಗ ಭಾನುವಾರ ಬೆಳಿಗ್ಗೆ ಹನ್ನೊಂದಾಗಿದೆ, ಮಾಮಾ ತೋಟದಿಂದ ಮನೆಗೆ ಬಂದಿರುತ್ತಾರೆ. ಮಲಗುವ ಮೊದಲು ಕರೆ ಮಾಡಬೇಕು.